ಹನ್ನೆರಡೂವರೆಯ ಅಕ್ಕಿಕಾಳು

ಏಪ್ರಿಲ್, ಮೇ ಬಂತೆಂದರೆ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬೆಂಗಳೂರಿನವರಿಗೆ ಇದು ಸೋಜಿಗ. ನೌಕರಿಯಲ್ಲಿದ್ದಾಗ ನಾವು ಮಾರ್ಚ್ ಕೊನೆಗೆ ಈ ಆದೇಶದ ದಾರಿ ಕಾಯುತ್ತಿದ್ದೆವು. ನಿವೃತ್ತನಾಗಿ ಬೀದರ್ ಜಿಲ್ಲೆಯ ನಮ್ಮೂರು ಘಾಟಬೋರಾಳಕ್ಕೆ ಬಂದು ಕೂತ ಮೇಲೆ ಒಂದು ಮಾತು ಹೊಳೆಯಿತು: ನೌಕರನನ್ನು ಬಿಸಿಲಿನಿಂದ ಕಾಯಲು ಸರ್ಕಾರದ ಆದೇಶವಿದೆ, ಪಿಂಚಣಿದಾರನನ್ನು ಕಾಯಲು ಅವನ ಹೆಂಡತಿ ಒಬ್ಬಳೇ.

ಅವಳ ಆದೇಶ ಸರ್ಕಾರದ್ದಕ್ಕಿಂತ ಬಿಗಿ. ನಸುಕಿನಲ್ಲೇ ಹೊಲದ ಕಡೆ ಹೋಗಿ ಬರಬೇಕು, ಹತ್ತರ ಮೇಲೆ ಹೊಸ್ತಿಲು ದಾಟಬಾರದು. ಪಡಸಾಲೆಯ ಮೂಲೆಯಲ್ಲಿ ಹಸಿ ಬಟ್ಟೆ ಸುತ್ತಿದ ಗಡಿಗೆ. ಮಧ್ಯಾಹ್ನಕ್ಕೆ ಜೋಳದ ಅಂಬಲಿ, ಮಜ್ಜಿಗೆ, ಹಸಿ ಉಳ್ಳಾಗಡ್ಡಿ. ಹೊರಗೆ ಹೋಗಲೇಬೇಕಾದರೆ ಅದೇ ಉಳ್ಳಾಗಡ್ಡಿ ಅಂಗಿಯ ಕಿಸೆಗೂ ಬರುತ್ತದೆ. ಅದು ಝಳ ಹೀರುತ್ತದೆಂದು ನಾನು ನಂಬಿಲ್ಲ. ತೆಗೆದಿಡುವ ಧೈರ್ಯವನ್ನೂ ಮಾಡಿಲ್ಲ.

ನಮ್ಮ ಕಡೆ ನಿವೃತ್ತರು ಮಾಡುವ ಮೊದಲ ಕೆಲಸವೊಂದಿದೆ. ಗ್ರಾಚ್ಯುಟಿ ಕೈಗೆ ಬಂದದ್ದೇ ಅಪ್ಪ ಕಟ್ಟಿಸಿದ ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಮನೆ ಎಬ್ಬಿಸುವುದು. ಮೊಳದಗಲದ ಕಲ್ಲುಗೋಡೆ, ಮೇಲೆ ದಪ್ಪ ಮಣ್ಣು. ಆ ಹಳೆಯ ಮನೆಯೊಳಗೆ ಬಿಸಿಲು ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಈಗಿನ ಸ್ಲ್ಯಾಬ್ ಹಗಲೆಲ್ಲ ಕಾದು, ಆ ಕಾವನ್ನು ರಾತ್ರಿ ನಮ್ಮ ಮೇಲೆ ಇಳಿಸುತ್ತದೆ. ಫ್ಯಾನು ಅದೇ ಬಿಸಿಗಾಳಿಯನ್ನು ತಿರುವಿ ತಿರುವಿ ಕೊಡುತ್ತದೆ. ಹಗಲಿನ ಬಿಸಿಲಿನಿಂದ ದಣಿದ ಮೈಗೆ ರಾತ್ರಿ ತಂಪು ಸಿಗದಿದ್ದರೆ ಮರುದಿನ ಅದು ಇನ್ನಷ್ಟು ಬೇಗ ಸೋಲುತ್ತದೆ. ನಾವು ಮೊದಲು ಮಾಳಿಗೆಯ ಮೇಲೆ ಮಲಗುತ್ತಿದ್ದೆವು. ಈಗ ಮಂಡಿನೋವಿನವರಿಗೆ ಮೆಟ್ಟಿಲಿನ ಚಿಂತೆ.

ಇಷ್ಟಾದರೂ ಬೀದರ್ ಜಿಲ್ಲೆಯವರಾದ ನಾವು ಬಿಸಿಲಿನ ಬಗ್ಗೆ ಬಹಳ ದೂರಬಾರದು. 600 ಮೀಟರಿಗೂ ಎತ್ತರದ ನೆಲ ನಮ್ಮದು. ರಾಯಚೂರು, ಕಲಬುರಗಿಯವರು ನಮ್ಮನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಾರೆ. 15ನೇ ಶತಮಾನದ ಮೊದಲರ್ಧದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದದ್ದಕ್ಕೆ ಇತಿಹಾಸಕಾರರು ಕೊಡುವ ಕಾರಣಗಳಲ್ಲಿ ಇಲ್ಲಿನ ಹವೆಯೂ ಒಂದು. ಸುಲ್ತಾನನಿಗೆ ರಾಜಧಾನಿ ಎತ್ತಿಕೊಂಡು ಹೋಗುವ ಅನುಕೂಲವಿತ್ತು. ನಮಗೆ ಕುರ್ಚಿಯನ್ನು ಬೇವಿನ ನೆರಳು ಸರಿದತ್ತ ಸರಿಸುವಷ್ಟು ಅನುಕೂಲವಿದೆ.

ಬೇವಿನ ಕೆಳಗಿನ ಕಟ್ಟೆಯಲ್ಲಿ ನನ್ನ ವಾರಿಗೆಯವರದು ಒಂದೇ ಮಾತು: “ಇದೇ ಬಿಸಲಾಗ ಹುಟ್ಟಿ ಬೆಳದೀವಿ, ನಮಗೇನ್ ಆಗ್ತದ?” ಬಿಸಿಲು ಅದೇ ಇರಬಹುದು, ಮೈ ಅದೇ ಅಲ್ಲ. ವಯಸ್ಸಾದಂತೆ ನೀರಡಿಕೆ ಮಂದವಾಗುತ್ತದೆ. ಒಳಗೆ ನೀರು ಕಡಿಮೆಯಾದರೂ ಗಂಟಲು ಹೇಳುವುದಿಲ್ಲ. ಬೆವರುವುದೂ ಕಡಿಮೆ. ಬಿಪಿಗೆ ಕೊಡುವ ಕೆಲವು ಗುಳಿಗೆಗಳು ಮೈಯ ನೀರು, ಉಪ್ಪನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಹಾಗೆಂದು ಗುಳಿಗೆ ತಾನೇ ನಿಲ್ಲಿಸುವುದು ಇನ್ನೊಂದು ಹುಚ್ಚು. ಬೇಸಿಗೆ ಶುರುವಾಗುವಾಗಲೇ ಡಾಕ್ಟರರನ್ನು ಕೇಳಬೇಕು. ಮೈಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮನುಷ್ಯನಿಗೆ ದಿಕ್ಕು ತಪ್ಪುತ್ತದೆ, ಮಾತು ತೊದಲುತ್ತದೆ. ಹರೆಯದವನು ಹಾಗೆ ಮಾಡಿದರೆ ಎಲ್ಲರೂ ಓಡಿ ಬರುತ್ತಾರೆ. ಮುದುಕ ಮಾಡಿದರೆ “ಅಜ್ಜಗ ಅರಳು ಮರಳು ಆಗ್ಯದ” ಎಂದು ನಕ್ಕು ಬಿಡುತ್ತಾರೆ. ಬಿಸಿಲಿಗಿಂತ ಈ ನಗು ಅಪಾಯದ್ದು.

ಮನೆಯಲ್ಲಿ ಕೂತರೆ ಇದೆಲ್ಲ ಹೇಗೋ ನಿಭಾಯಿಸಬಹುದು. ಆದರೆ ಬೇಸಿಗೆಯೇ ನಮ್ಮಲ್ಲಿ ಲಗ್ನದ ಹಂಗಾಮು. ನಿವೃತ್ತನಿಗೆ ನೌಕರಿಯ ನೆಪವೂ ಇಲ್ಲ. ಹುಮನಾಬಾದ್, ಬಸವಕಲ್ಯಾಣ, ಗಡಿಯಾಚೆಯ ಉಮರ್ಗಾ, ಎಲ್ಲ ಕಡೆಯಿಂದಲೂ ಪತ್ರಿಕೆ ಬರುತ್ತವೆ. “ಕಾಕಾ, ನೀವು ಬರ್ಲಿಲ್ಲಂದ್ರ ಅಕ್ಕಿಕಾಳ್ ಬೀಳಂಗಿಲ್ಲ ನೋಡ್ರಿ” ಎಂದು ಹುಡುಗ ಕಾಲಿಗೆ ಬಿದ್ದು ಹೋಗುತ್ತಾನೆ. ಅಕ್ಕಿಕಾಳಿಗೆ, ಅಂದರೆ ಅಕ್ಷತೆಗೆ, ಪತ್ರಿಕೆಯಲ್ಲಿ ಮುದ್ರಿಸಿದ್ದು ಮಧ್ಯಾಹ್ನ 12.30. ಬ್ಯಾಂಡಿನವರ ಮುಂದೆ ಹುಡುಗರ ಕುಣಿತ ಮುಗಿದು, ಮದುಮಗ ಮಂಟಪಕ್ಕೆ ಬರುವಷ್ಟರಲ್ಲಿ ಎರಡು. ಮೇಲೆ ತಗಡಿನ ಛಾವಣಿ, ಸುತ್ತ ಶಾಮಿಯಾನಾದ ಪರದೆ, ಒಳಗೆ ಸಾವಿರ ಜನರ ಉಸಿರು. ಗಾಳಿಯಾಡದ ಕಡೆ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಹಿರಿಯರೆಂದು ನಮ್ಮನ್ನು ಸೋಫಾದ ಮೇಲೆ ಮುಂದಿನ ಸಾಲಿನಲ್ಲಿ ಕೂರಿಸಿ, ರುಮಾಲು ಸುತ್ತಿ, ಶಾಲು ಹೊದಿಸುತ್ತಾರೆ. ಮೇ ತಿಂಗಳಲ್ಲಿ ಶಾಲು! ಆಮೇಲೆ ಗೋಧಿ ಹುಗ್ಗಿ, ಮೇಲೆ ತುಪ್ಪ.

ಹಿಂದಿನ ವೈಶಾಖದಲ್ಲಿ ಅಂಥದೊಂದು ಲಗ್ನದಲ್ಲಿ ನನ್ನ ಪಕ್ಕ ಕೂತ ಹಳೆಯ ಸ್ನೇಹಿತರು ತಲೆ ಸುತ್ತಿ ವಾಲಿದರು. ಎಚ್ಚರವಿತ್ತು. ಬೀಗರ ಕಡೆಯ ನರ್ಸಮ್ಮ ಒಬ್ಬರು ಶಾಲು ಕಿತ್ತೆಸೆದು, ನೆರಳಿಗೆ ಒಯ್ದು, ಕಂಕುಳಿಗೆ ಕುತ್ತಿಗೆಗೆ ಹಸಿ ಬಟ್ಟೆ ಇಟ್ಟರು. ಒಂದು ಲೀಟರ್ ನೀರಿಗೆ 6 ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸಿದರು. ಎಚ್ಚರ ತಪ್ಪಿದವರಿಗಾದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕೆಂದು ಸುತ್ತ ನಿಂತವರಿಗೆ ಗದರಿಸಿಯೂ ಹೇಳಿದರು. ಅಷ್ಟರಲ್ಲಿ ಅಕ್ಕಿಕಾಳು ಬಿದ್ದೇ ಬಿಟ್ಟವು. ನಾವಿಲ್ಲದೆಯೂ ಬೀಳುತ್ತವೆಂದು ಅವತ್ತು ತಿಳಿಯಿತು.

ಮಧ್ಯಾಹ್ನವೇ ಯಾಕೆ ಎಂದರೆ ಅಭಿಜಿತ್ ಮುಹೂರ್ತ ಎನ್ನುತ್ತಾರೆ. ಸೂರ್ಯ ನೆತ್ತಿಗೆ ಬರುವ ಹೊತ್ತು, ಎಲ್ಲ ದೋಷ ಕಳೆಯುತ್ತದಂತೆ. ಆ ಮುಹೂರ್ತವಾದರೂ ಮುಕ್ಕಾಲು ಗಂಟೆಯದು. ಎರಡಕ್ಕೆ ಬೀಳುವ ಅಕ್ಕಿಕಾಳಿಗೆ ಅದರ ಹಂಗೇ ಇರುವುದಿಲ್ಲ. ಇನ್ನು 12ನೇ ಶತಮಾನದಲ್ಲಿ ಬಸವಾದಿ ಶರಣರು ಗಳಿಗೆ, ತಿಥಿ, ನಕ್ಷತ್ರಗಳನ್ನು ಬದಿಗಿಟ್ಟ ಕಲ್ಯಾಣ ನಮ್ಮ ಪಕ್ಕದ್ದೇ ಊರು. ಆ ಊರಿನ ಹೆಸರು ಹೇಳಿ ಬಸವ ಜಯಂತಿಗೆ ಮೆರವಣಿಗೆ ತೆಗೆಯುವ ಮನೆಗಳೂ ಪತ್ರಿಕೆಯಲ್ಲಿ 12.30 ಎಂದೇ ಅಚ್ಚು ಹಾಕಿಸುತ್ತವೆ.

ಬರುವ ವರ್ಷ ಮನೆಯಲ್ಲಿ ಮಗನದೋ ಮಗಳದೋ ಲಗ್ನ ಇಟ್ಟುಕೊಂಡವರಿಗೆ ನನ್ನದೊಂದು ಬೇಡಿಕೆ. ಅಕ್ಕಿಕಾಳು ಬೆಳಿಗ್ಗೆ 9ರೊಳಗೆ ಇಡಿರಿ, ಇಲ್ಲವೇ ಸಂಜೆ 6ರ ಮೇಲೆ. ಶಾಲಿನ ದುಡ್ಡಿನಲ್ಲಿ ಮಂಟಪದ ಬಾಗಿಲಲ್ಲಿ ಮಜ್ಜಿಗೆ ಇರಲಿ. ಮುದುಕರೆಲ್ಲ ತಪ್ಪದೆ ಬರುತ್ತೇವೆ, ಹುಗ್ಗಿಯನ್ನೂ ಬಿಡುವುದಿಲ್ಲ.