ಅಕ್ಕಿಯ ಬಿಳಿ, ಅಕ್ಕಿಯ ಕಪ್ಪು

ಸಾಗರ ಜಂಬಗಾರು ನಿಲ್ದಾಣದಲ್ಲಿ ಬೆಳಗಿನ ರೈಲಿನಿಂದ ಇಳಿದವರಲ್ಲಿ ಹೆಚ್ಚಿನವರು ಜೋಗದ ಬಸ್ಸು ವಿಚಾರಿಸುತ್ತಿದ್ದರು. ನಾನು ಹೊರಟಿದ್ದು ಬುಟ್ಟಿ ನೋಡಲಿಕ್ಕೆ. ಮಹಾನವಮಿ ಕಳೆದು ಭೂಮಿ ಹುಣ್ಣಿಮೆ ಹತ್ತಿರವಾಗುವ ದಿನಗಳಲ್ಲಿ ಈ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಭೂಮಣ್ಣಿ ಬುಟ್ಟಿ ಬರೆಯುತ್ತಾರೆ. ಹುಣ್ಣಿಮೆಯ ಮುಂಜಾವ ಗದ್ದೆಗೆ ಬಯಕೆಯೂಟ ಹೋಗುವುದು ಆ ಬುಟ್ಟಿಯಲ್ಲೇ. ಪರಿಚಯದವರೊಬ್ಬರ ಸಂಬಂಧಿಕರ ಮನೆ ಸಾಗರದಿಂದ ಅಷ್ಟೇನೂ ದೂರವಿರಲಿಲ್ಲ. ಬಸ್ಸಿಳಿದು ಅಡಿಕೆ ತೋಟದ ಅಂಚಿನಲ್ಲಿ ನಡೆದು ಹೋದರೆ ಜಗಲಿಯ ಮೇಲೆ ಆ ಮನೆಯ ಅಜ್ಜಿ ಆಗಲೇ ಕೆಲಸಕ್ಕೆ ಕೂತಿದ್ದರು.

ಬಿದಿರಿನ ಬುಟ್ಟಿಗೆ ಸಗಣಿ ಬಳಿದು ಸಂದುಗೊಂದುಗಳನ್ನೆಲ್ಲ ಮುಚ್ಚಿ ಒಣಗಿಸಿ, ಅದರ ಮೇಲೆ ಕೆಮ್ಮಣ್ಣು ಬಳಿದಾಗಿತ್ತು. ಗರಟೆಯಲ್ಲಿ ನೆನೆಸಿ ಅರೆದ ಅಕ್ಕಿಹಿಟ್ಟು. ಕೈಯಲ್ಲಿ ಕುಂಚವೆಂದರೆ ಪುಂಡಿ ನಾರಿನ ಸಣ್ಣದೊಂದು ಕಟ್ಟು, ಅಷ್ಟೆ. ಅಜ್ಜಿ ಅದನ್ನು ಹಿಟ್ಟಿನಲ್ಲಿ ಅದ್ದಿ ಬುಟ್ಟಿಯ ಮೇಲಿಂದ ಕೆಳಕ್ಕೆ ಎಳೆದರು. ಬಗ್ಗಿ ನೋಡಿದೆ, ಬಿಳಿ ಕಾಣಲಿಲ್ಲ. ಕೆಮ್ಮಣ್ಣಿನ ಮೇಲೆ ಒದ್ದೆಯ ಒಂದು ಗೀರು ಮಾತ್ರ. ಅದರ ಪಕ್ಕಕ್ಕೇ ಇನ್ನೊಂದು, ಮತ್ತೊಂದು. ನನ್ನ ಮುಖ ನೋಡಿ ಅವರೇ ಹೇಳಿದರು: “ತಡಿ ತಂಗಿ, ಒಣಗ್ಲಿ.”

ಒಣಗತೊಡಗಿತು. ಮೊದಲು ಎಳೆದ ಗೀರಿನ ತುದಿಯಲ್ಲಿ ಮಸುಕು ಬೂದಿ ಬಣ್ಣ, ಆಮೇಲೆ ಹಾಲು ಬಿಳಿ. ಅಲ್ಲಿಂದ ಆ ಬಿಳುಪು ಎಳೆಯುದ್ದಕ್ಕೂ ಹರಿದು ಬಂತು, ಯಾರೋ ಒಳಗಿನಿಂದ ದೀಪ ಹಚ್ಚಿಕೊಂಡು ಬಂದ ಹಾಗೆ. ಅಷ್ಟರಲ್ಲಿ ಅಜ್ಜಿಯ ಕೈ ಎಷ್ಟೋ ಮುಂದೆ ಹೋಗಿತ್ತು. ಹಿಟ್ಟಿನ ಕಣಗಳ ನಡುವೆ ನೀರಿರುವಷ್ಟು ಹೊತ್ತು ಬೆಳಕು ಹೆಚ್ಚುಕಡಿಮೆ ನೇರ ತೂರಿಹೋಗುತ್ತದೆ, ನಮಗೆ ಅಡಿಯ ಮಣ್ಣೇ ಕಾಣುತ್ತದೆ. ನೀರು ಆರಿ ಆ ಜಾಗಕ್ಕೆ ಗಾಳಿ ಬಂದಾಗ ಬೆಳಕು ಚೆದುರಿ ಬಿಳುಪು ಏಳುತ್ತದೆ. ಕಾರಣ ಗೊತ್ತಿದ್ದರೂ ನನ್ನ ಬೆರಗು ಇಳಿಯಲಿಲ್ಲ. ಈ ಹೆಂಗಸು ತಾನು ಬರೆಯುತ್ತಿರುವುದು ಸರಿಯಾಗಿ ಕಾಣುವ ಮೊದಲೇ ಮುಂದಿನದನ್ನು ಬರೆಯುತ್ತಿದ್ದಾರೆ, ಅಳತೆಗೋಲಿಲ್ಲದೆ, ಉಬ್ಬಿದ ಬುಟ್ಟಿಯ ಮೈಮೇಲೆ! ಎರಡು ಎಳೆಗಳ ನಡುವಿನ ಅಂತರ ಎಲ್ಲಿಯೂ ತಪ್ಪಿರಲಿಲ್ಲ.

ಚಿತ್ತಾರದ ಬಣ್ಣಗಳು ನಾಲ್ಕೇ. ಕೆಂಪು ಮಣ್ಣಿನದು. ಹಳದಿ ಗುರಿಗೆ ಕಾಯಿಯದು. ಬಿಳಿ ಅಕ್ಕಿಯದು. ಕಪ್ಪು ಯಾವುದರದೆಂದು ಕೇಳಿದಾಗ ಸೊಸೆ ಒಲೆಯ ಕಡೆ ಕರೆದೊಯ್ದರು. ಬಾಣಲೆಯಲ್ಲಿ ಹುರಿದು ಹುರಿದು ಇದ್ದಿಲಾದ ಅಕ್ಕಿ. ಅದನ್ನೇ ನೀರು ಹಾಕಿ ಅರೆದರೆ ಕಪ್ಪು. ಅಂದರೆ ಬಿಳಿಯೂ ಅಕ್ಕಿ, ಕಪ್ಪೂ ಅಕ್ಕಿ. ಬೆಳಕು ಮತ್ತು ಕತ್ತಲೆಯ ಎರಡು ತುದಿಗಳನ್ನು ಒಂದೇ ಕಾಳಿನಿಂದ ತೆಗೆದ ಚಿತ್ರಕಲೆ ಬೇರೆಲ್ಲಾದರೂ ಇದ್ದರೆ ಅದನ್ನೂ ಹುಡುಕಿಕೊಂಡು ಹೋಗುವ ಆಸೆ ನನಗೆ.

ಗರಟೆಯಲ್ಲಿ ನೋಡಿದರೆ ಆ ಕಪ್ಪು ಅಂಥ ಗಾಢವೇನಲ್ಲ, ಒಲೆಯ ಮಸಿಗಿಂತ ಒಂದು ಕೈ ಕಡಿಮೆಯೇ. ಆದರೆ ಎರಡು ಬಿಳಿ ಎಳೆಗಳ ನಡುವೆ ಕೂತ ಕೂಡಲೇ ಅದು ಆಳಕ್ಕಿಳಿಯಿತು. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನ ವಿಜ್ಞಾನಿ ಷೆವ್ರಲ್‌ಗೆ ಇಂಥದೇ ಒಂದು ಸಮಸ್ಯೆ ಎದುರಾಗಿತ್ತು. ನೀಲಿ, ನೇರಳೆ ಬಟ್ಟೆಗಳ ನೆರಳು ತೋರಿಸಲು ಬಳಸಿದ ಕಪ್ಪು ದಾರ ಸಪ್ಪೆಯಾಗಿ ಕಾಣುತ್ತದೆಂಬ ದೂರು. ಪರೀಕ್ಷಿಸಿದರೆ ಬಣ್ಣದಲ್ಲಿ ಯಾವ ದೋಷವೂ ಇರಲಿಲ್ಲ, ಪಕ್ಕದಲ್ಲಿದ್ದ ಬಣ್ಣಗಳು ಅದನ್ನು ಸಪ್ಪೆ ಮಾಡಿದ್ದವು. 1839ರಲ್ಲಿ ಅವನು ಇದರ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಅಜ್ಜಿಗೆ ಆ ಗ್ರಂಥ ಬೇಕಾಗಿಲ್ಲ. ಯಾವ ಎಳೆಯ ಪಕ್ಕ ಯಾವುದು ಕೂರಬೇಕೆಂದು ಅವರಿಗೆ ಅವರಮ್ಮ ತೋರಿಸಿಕೊಟ್ಟಿದ್ದಾರೆ.

ನಡುಮನೆಯ ಗೋಡೆಯ ಮೇಲೆ ಮದುವೆಯೊಂದರ ಹಸೆಗೋಡೆ ಚಿತ್ತಾರ ಇನ್ನೂ ಉಳಿದಿತ್ತು. ಹತ್ತಿರ ನಿಂತರೆ ಬರೀ ಗೆರೆಗಳು: ನೇರ, ಓರೆ, ಒಂದನ್ನೊಂದು ಕತ್ತರಿಸುವ ನೂರಾರು ಸಣ್ಣ ಎಳೆಗಳು, ಸಾಲುಸಾಲು ತ್ರಿಕೋನಗಳು. ಮದುಮಕ್ಕಳಿಗೂ ಕಣ್ಣು ಮೂಗುಗಳಿಲ್ಲ, ತ್ರಿಕೋನಗಳೇ ಮೈಯಾಗಿ ನಿಂತಿದ್ದಾರೆ. ಸುತ್ತ ದಂಡಿಗೆ, ಬಾಸಿಂಗ, ಭತ್ತದ ಸಸಿ, ಹಕ್ಕಿ. ಬಾಗಿಲ ತನಕ ಹಿಂದೆ ಸರಿದೆ. ಎಳೆಗಳು ಒಂದರೊಳಗೊಂದು ಕರಗಿದವು. ದಟ್ಟವಾಗಿ ಎಳೆದಲ್ಲಿ ಗೋಡೆ ಬೆಳ್ಳಗಾಯಿತು, ವಿರಳವಾಗಿದ್ದಲ್ಲಿ ತಿಳಿಗೆಂಪು, ಬಿಟ್ಟ ಜಾಗದಲ್ಲಿ ಕಡುಗೆಂಪು. ನಾಲ್ಕು ಬಣ್ಣಗಳಿಗೆ ಇಷ್ಟೊಂದು ಛಾಯೆಗಳು ಬಂದದ್ದು ಬೆರಕೆಯಿಂದ ಅಲ್ಲ, ಎಳೆಗಳ ನಡುವಿನ ಅಂತರದಿಂದ. ಹತ್ತಿರ, ದೂರ, ಮತ್ತೆ ಹತ್ತಿರ ಎಂದು ನಾನು ಓಡಾಡುತ್ತಿದ್ದರೆ ಮನೆಯ ಮಕ್ಕಳೂ ನನ್ನ ಜೊತೆ ಓಡಾಡತೊಡಗಿದವು.

ಈ ಅಕ್ಕಿ ಸುಲಭವಾಗಿ ದಕ್ಕಿದ ಅಕ್ಕಿಯಲ್ಲ ಎಂಬುದನ್ನೂ ಹೇಳಬೇಕು. ಕಾಗೋಡು ಇಲ್ಲಿಗೆ ಹತ್ತಿರ. 1951ರಲ್ಲಿ ಅಲ್ಲಿನ ದೀವರ ಗೇಣಿ ಒಕ್ಕಲುಗಳು ಗೇಣಿಭತ್ತ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಎದ್ದು ನಿಂತರು, ಜೈಲಿಗೂ ಹೋದರು. ಮುಂದೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿದಾಗ ಮನೆ ಮಠ ಕಳೆದುಕೊಂಡವರಲ್ಲಿ ದೀವರೂ ಬಹಳ. ಮುಳುಗಡೆಯಿಂದ ಪಾತ್ರೆ ಪಡಗ, ದನಕರು ಹೊರಟವು. ಗೋಡೆಯನ್ನು ಹೊತ್ತು ತರುವುದು ಯಾರಿಂದ ಸಾಧ್ಯ? ಹೊಸ ಊರಿನ ಹೊಸ ಗೋಡೆಯ ಮೇಲೆ ಅದೇ ಎಳೆಗಳು ಮತ್ತೆ ಮೂಡಿದ್ದರೆ ಅದು ಈ ಹೆಂಗಸರ ಕೈಗಳಲ್ಲಿದ್ದ ನೆನಪಿನಿಂದ. ಚಿತ್ತಾರ ಈಗ ಕಾಗದಕ್ಕೂ ಬಟ್ಟೆಗೂ ಬಂದಿದೆ, ಚೌಕಟ್ಟಿನಲ್ಲಿ ಮಾರಾಟವಾಗುತ್ತದೆ. ನಾಲ್ಕು ಕಾಸು ಮನೆಗೆ ಬರುವುದಾದರೆ ಬರಲಿ, ನನಗದು ಸಂತೋಷವೇ. ಆದರೆ ಡಬ್ಬಿಯ ಬಿಳಿ ಬಣ್ಣ ಎಳೆದ ಕ್ಷಣದಲ್ಲೇ ಪೂರ್ತಿ ಕಾಣಿಸಿಬಿಡುತ್ತದೆ. ಕಾದು, ನಂಬಿ ಎಳೆಯುವ ಕೈ ಅದರಿಂದ ಬೆಳೆಯಲಾರದು ಎಂದೇ ನನಗನ್ನಿಸುತ್ತದೆ.

ಹುಣ್ಣಿಮೆಯ ಹಿಂದಿನ ರಾತ್ರಿ ಆ ಮನೆಯಲ್ಲಿ ನಿದ್ದೆಯೇ ಇಲ್ಲ. ಕಡುಬು ಬೇಯುತ್ತಿತ್ತು, ಗದ್ದೆಗೆ ಬೀರುವ ಚರಗಕ್ಕೆಂದು ಸೊಪ್ಪುಗಳು ಬೇಯುತ್ತಿದ್ದವು. ಚಂದ್ರ ಇನ್ನೂ ಪಡುವಣದಲ್ಲಿರುವಾಗಲೇ ಮನೆಯ ಯಜಮಾನರು ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಹೊರಟರು. ಹಿಂದೆ ಜಾಗಟೆ, ಮಕ್ಕಳು, ನಾನು. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿತ್ತು, ಬಸುರಿ. ಸಸಿಗೆ ತಾಳಿ ಕಟ್ಟಿ ಪೂಜೆಗೆ ಅಣಿಮಾಡುವಷ್ಟರಲ್ಲಿ ಬೆಳಕು ಹರಿಯಿತು.

ಆಗ ಬುಟ್ಟಿಯ ಕಡೆ ತಿರುಗಿದವಳು ನಿಂತಲ್ಲೇ ನಿಂತೆ. ಜಗಲಿಯ ನೆರಳಿನಲ್ಲಿ ಮಂಕಾಗಿದ್ದ ಕೆಮ್ಮಣ್ಣು ಇಲ್ಲಿ ಕೆಂಡವಾಗಿತ್ತು. ಸುತ್ತಲೂ ಕಣ್ಣು ಹಾಯುವಷ್ಟು ದೂರ ಹಸಿರು, ನಡುವೆ ಈ ಒಂದು ಕೆಂಪು. ಕೆಂಪು ಹಸಿರನ್ನು ಎಬ್ಬಿಸುತ್ತಿತ್ತು, ಹಸಿರು ಕೆಂಪನ್ನು. ಬಿಳಿ ಎಳೆಗಳು ನಡುಗುತ್ತಿವೆಯೇನೋ ಅನ್ನಿಸುತ್ತಿತ್ತು. ಚಿತ್ತಾರದಲ್ಲಿ ಹಸಿರು ಯಾಕಿಲ್ಲ ಎಂದು ನಾಲ್ಕು ಗರಟೆಗಳ ಮುಂದೆ ಕೂತಾಗ ಯೋಚಿಸಿದ್ದೆ. ಐದನೆಯ ಬಣ್ಣ ಗದ್ದೆಯಲ್ಲಿ ಕಾಯುತ್ತಿತ್ತು! ಬುಟ್ಟಿಯನ್ನು ಮನೆಯಲ್ಲಿ ನೋಡಿದವರು ಅದನ್ನು ಅರ್ಧ ನೋಡಿದ ಹಾಗೆ. ವಸ್ತುಸಂಗ್ರಹಾಲಯದ ಬಿಳಿ ಗೋಡೆಗೆ ಒರಗಿಸಿದರೆ ಅಷ್ಟೂ ಇಲ್ಲ.

ಯಜಮಾನರು ಚರಗ ಬೀರುತ್ತಾ ಭೂಮಿತಾಯಿಯನ್ನು ಕೂಗಿ ಕರೆಯುತ್ತಾ ಗದ್ದೆಯಂಚು ಸುತ್ತಿ ಬಂದರು. ಎಲ್ಲರೂ ಹಾಳಿಯ ಮೇಲೆ ಕೂತು ಊಟಕ್ಕೆ ಎಲೆ ಹಾಕಿಕೊಂಡೆವು. ಅಜ್ಜಿ ಮಾತ್ರ ಕಡುಬು ಕೈಯಲ್ಲಿ ಹಿಡಿದುಕೊಂಡೇ ಬುಟ್ಟಿಯ ಹತ್ತಿರ ಹೋದರು. ಸುತ್ತ ಒಂದು ಬಾರಿ ತಿರುಗಿಸಿ, ತಳದ ಕಡೆಯ ಒಂದು ಎಳೆಯನ್ನು ಸೊಸೆಗೆ ಬೆರಳಿಟ್ಟು ತೋರಿಸಿದರು. “ಇದೊಂದು ಓರೆಯಾಗಿದೆ ನೋಡು.” ಸೊಸೆ ಎದ್ದುಬಂದು ಬಗ್ಗಿ ನೋಡಿದರು, ಹೌದೆಂದರು. ನಾನೂ ಬಗ್ಗಿ ನೋಡಿದೆ. ಎಷ್ಟು ನೋಡಿದರೂ ನನ್ನ ಕಣ್ಣಿಗೆ ಆ ಓರೆ ಸಿಗಲಿಲ್ಲ.