ಮೈಲಾರದ ಕಾರ್ಣಿಕ ಮೊಬೈಲಿಗೆ ಗೊತ್ತೇ?

ಶಾಲೆಗಾಗಿ ಭವಿಷ್ಯ ನುಡಿಯುವವರ ಬಗ್ಗೆ ಬರೆಯಬೇಕೆಂದು ಮೊಮ್ಮಗಳು ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಹುಡುಕಿದಳು. ಮೊದಲು ಬಂದವನು ಫ್ರಾನ್ಸಿನ ನಾಸ್ಟ್ರಡಾಮಸ್. ಹಿಂದೆಯೇ ಗ್ರೀಸಿನ ಡೆಲ್ಫಿ. "ಅಜ್ಜಾ, ನಮ್ಮ ಕಡೆ ಇಂಥದ್ದು ಇಲ್ಲೇನು?" ಎಂದು ಕೇಳಿದಳು.

ಕೊಟ್ಟೂರಿನವನಾದ ನನಗೆ ನಗು ಬಂತು, ಬೇಸರವೂ ಆಯಿತು. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಬರುತ್ತಾರೆ. ಗೊರವಯ್ಯ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎಂದರೆ ಅಷ್ಟು ಜನವೂ ಗಪ್‌ಚಿಪ್. ಆತ ನುಡಿಯುವುದು ಒಂದೇ ಸಾಲು, ಅದೇ ಕಾರ್ಣಿಕ. ಮಳೆಯೋ, ಬೆಳೆಯೋ, ರಾಜಕೀಯವೋ, ಅರ್ಥ ಬಿಡಿಸುವ ಕೆಲಸ ಕೇಳಿದವರದು. ಇದನ್ನು 'ಪ್ರೊಫೆಸಿ' ಎಂದುಬಿಟ್ಟರೆ ಗೊರವಯ್ಯನ ಕಂಬಳಿ, ಡಮರುಗ, ಬಿತ್ತನೆಯ ಚಿಂತೆಯಲ್ಲಿ ನಿಂತ ರೈತ, ಎಲ್ಲರೂ ಹೊರಗೇ ಉಳಿಯುತ್ತಾರೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ತಿಳಿದ ಲೆಕ್ಕ ಇಷ್ಟೇ: ಜಮೆ ಮಾಡದ ಹಣವನ್ನು ಪಾಸ್‌ಬುಕ್ ತೋರಿಸುವುದಿಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಇರುವುದು ಕೆಲವು ಹತ್ತು ಸಾವಿರ. ಹೆಚ್ಚು ಬರೆದವರ ಊರು, ಅವರ ದೃಷ್ಟಿ ಮುಂದೆ ಬರುತ್ತದೆ. ಮೊಬೈಲಿನಲ್ಲಿ ಕಾಣದ್ದು ಲೋಕದಲ್ಲೇ ಇಲ್ಲವೆಂದು ನಮ್ಮ ಮಕ್ಕಳು ನಂಬಿದರೆ, ಅದೇ ದೊಡ್ಡ ನಷ್ಟ.

ಮಕ್ಕಳೇ, ನಾಸ್ಟ್ರಡಾಮಸನ ಬಗ್ಗೆಯೂ ಓದಿ, ತಪ್ಪಿಲ್ಲ. ಜೊತೆಗೆ ನಿಮ್ಮೂರ ಜಾತ್ರೆಯ ಬಗ್ಗೆ ಅಜ್ಜಿಯನ್ನು ಕೇಳಿ. ಕೇಳಿದ್ದನ್ನು ಕನ್ನಡದಲ್ಲಿ ಬರೆದಿಡಿ. ಮನೆಯ ದೊಡ್ಡವರ ಜೊತೆ ಕೂತು ಅದನ್ನು ಅಂತರ್ಜಾಲಕ್ಕೂ ಸೇರಿಸಿ. ನಾಳೆ ಹುಡುಕುವ ಮಗುವಿಗೆ ಮೈಲಾರವೂ ಸಿಗಲಿ.