ಹುಣಸೆಹಣ್ಣೋ ಬೂದಿಯೋ?

ಗುರುವಾರ ಸಂಜೆ ಆಯ್ತು ಅಂದ್ರೆ ನಮ್ಮನೇಲಿ ದೇವರಮನೆ ಹಿತ್ತಾಳೆ ಸಾಮಾನೆಲ್ಲ ಹಿತ್ತಲಿಗೆ ಬರುತ್ತೆ. ನಿಮ್ಮನೇಲೂ ಹಂಗೇ ಅಲ್ವಾ? ದೀಪ, ಗಂಟೆ, ಪಂಚಪಾತ್ರೆ, ಉದ್ಧರಣೆ, ಆರತಿ ತಟ್ಟೆ. ಈಗ ನವರಾತ್ರಿ ಬೇರೆ ಹತ್ರ ಬಂತು, ಅಟ್ಟದ ಮೇಲಿದ್ದ ಕೊಡ, ಕೊಳಗಾನೂ ಇಳಿಸಿದ್ದೀನಿ. ಹೋದ ವಾರ ಎದುರುಮನೆ ಅಕ್ಕ ಕೇಳಿದ್ರು, "ನೀವು ಹುಣಸೆಹಣ್ಣು ಹಾಕಿ ತೊಳೀತೀರೋ, ಒಣ ಬೂದೀಲಿ ಉಜ್ತೀರೋ? ಯಾವ್ದು ಒಳ್ಳೇದು?" ಅಂತ. ಉತ್ತರ ಹೇಳೋಕೆ ಹೋದ್ರೆ ಅಮೆರಿಕಾದ ಕಥೇನೂ ಹೇಳ್ಬೇಕಾಗುತ್ತೆ. ಅದಕ್ಕೇ ಇಲ್ಲೇ ಬರೀತಿದ್ದೀನಿ.

ನನ್ನ ತಂಗಿ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಎರಡು ವರ್ಷದ ಹಿಂದೆ ತಂಗೀನೂ ನಾನೂ ಎರಡು ತಿಂಗಳು ಅವನ ಮನೇಲಿದ್ವಿ. ಹೋದ ಎರಡನೇ ದಿನ ಬೆಳಿಗ್ಗೆ ಕಾರ್ ಶೆಡ್ಡಿಂದ ಗುರ್ ಗುರ್ ಅಂತ ಸದ್ದು. ಯಾರೋ ಇಡ್ಲಿಗೆ ರುಬ್ತಿದ್ದಾರೆ ಅನ್ಕೊಂಡು ಹೋಗಿ ನೋಡ್ತೀನಿ, ಒಂದು ಡಬ್ಬಿ ಗಡಗಡ ನಡುಗ್ತಿದೆ. ಒಳಗೆ ರವೆ ಥರ ಏನೋ ತರಿ, ಅದರೊಳಗೆ ಬೆರಳುದ್ದದ ಹಿತ್ತಾಳೆ ಕೊಳವೆಗಳು. "ಇದೇನಪ್ಪಾ?" ಅಂದೆ. "ಬಂದೂಕಿನ ಖಾಲಿ ತೋಟಾ ದೊಡ್ಡಮ್ಮ, ಕ್ಲೀನ್ ಮಾಡ್ತಿದ್ದೀನಿ" ಅಂದ.

ನಂಗೆ ಎದೆ ಧಸಕ್ ಅಂತು ಕಣ್ರೀ. ಕೊಡಗಿನವರ ಮನೇಲಿ ಕೈಲ್ ಪೊಳ್ದ್ ದಿನ ಕೋವಿ ಪೂಜೆ ಮಾಡೋದು ಕೇಳಿದ್ದೆ, ಅಷ್ಟೇ. ಆದ್ರೆ ಅಲ್ಲಿ ಗುರಿ ಹೊಡೆಯೋದು ಒಂದು ಆಟವಂತೆ, ವಾರಕ್ಕೊಂದ್ಸಲ ಮೈದಾನಕ್ಕೆ ಹೋಗ್ತಾನೆ. ಹೊಡೆದಾದ ಮೇಲೆ ಹಿತ್ತಾಳೆ ಕೊಳವೆ ಉಳಿಯುತ್ತಲ್ಲ, ಅದನ್ನ ಆರಿಸ್ಕೊಂಡು ಬಂದು, ಬೆಳಗಿ, ಹೊಸ ಪ್ರೈಮರ್, ಮದ್ದು, ಗುಂಡು ತುಂಬಿ ಮತ್ತೆ ಉಪಯೋಗಿಸ್ತಾರೆ. ಬರೀ ಹೊಳಪಿಗಲ್ಲ. ಮಣ್ಣು, ಮಸಿ ಇದ್ರೆ ಅಚ್ಚಿಗೆ ಹಾಕಿ ಒತ್ತುವಾಗ ಅಚ್ಚೂ ಗೀರುತ್ತೆ, ಕೊಳವೇನೂ ಗೀರುತ್ತೆ. ನೂರು ಪಾಲಲ್ಲಿ 70 ಪಾಲು ತಾಮ್ರ, 30 ಪಾಲು ಸತು ಅಂದ. ಸರಿ, ನಮ್ಮ ದೀಪದ ಜಾತಿಯೇ ಅಂತ ಸಮಾಧಾನ ಆಯ್ತು.

ಆ ತರಿ ಏನಪ್ಪಾ ಅಂದ್ರೆ ಅಕ್ರೋಟ್ ಚಿಪ್ಪು ಕುಟ್ಟಿದ್ದು. ಮೆಕ್ಕೆಜೋಳದ ದಿಂಡಿನ ತರೀನೂ ಹಾಕ್ತಾರಂತೆ. ನೀರಿಲ್ಲ, ಒಣಗಿಸೋ ಕೆಲಸ ಇಲ್ಲ, ಎರಡು ಮೂರು ಗಂಟೇಲಿ ಫಳಫಳ. ನಮ್ಮ ಒಣ ಬೂದಿ ಲೆಕ್ಕಾನೇ. ಕೊಳವೆ ಒಳಗಿನ ಮಸಿ ಮಾತ್ರ ಪೂರ್ತಿ ಹೋಗಲ್ಲ. ಆಮೇಲೆ ಧೂಳು! ಅವನು ಅದನ್ನ ಜರಡೀಲಿ ಆಡಿಸಿದ್ರೆ ಶೆಡ್ಡಲ್ಲೆಲ್ಲ ಬೂದು ಬಣ್ಣದ ಧೂಳು.

ಅಲ್ಲೇ ಅವನ ಮಗಳು, ಒಂದೂವರೆ ವರ್ಷದ್ದು, ನೆಲದ ಮೇಲೆ ಕೂತು ಆಡ್ತಿದ್ಲು. ಕೈ ಬಾಯಲ್ಲಿ. ನಾನು ಸುಮ್ನೆ ಕೇಳ್ದೆ, "ಈ ಧೂಳಲ್ಲಿ ಏನಿರುತ್ತೋ?" ಅಂತ. "ಪ್ರೈಮರ್ ಸುಟ್ಟಿರೋದು ದೊಡ್ಡಮ್ಮ, ಸ್ವಲ್ಪ ಸೀಸ ಇರುತ್ತೆ" ಅಂದ.

ಸೀಸ! ನಮ್ಮತ್ತೆ ಕಾಲದಲ್ಲಿ ಕಲಾಯಿಯವನು ಬಂದ್ರೆ ಅತ್ತೆ ಅವನ ಪಕ್ಕಾನೇ ಕೂರೋರು. ಶುದ್ಧ ತವರ ಹಾಕ್ತಾನಾ ಇಲ್ಲಾ ಸೀಸ ಬೆರೆಸ್ತಾನಾ ಅಂತ. "ಸೀಸ ಇದ್ರೆ ಹುಳಿಸಾರಲ್ಲಿ ಇಳಿಯುತ್ತೆ, ಮಕ್ಕಳಿರೋ ಮನೆ" ಅನ್ನೋರು. ಆ ಮಾತು ನೆನಪಾಗಿ ಮಗೂನ ಎತ್ಕೊಂಡು ಒಳಗೆ ಬಂದು ಕೈ, ಕಾಲು, ಮುಖ ತೊಳೆಸ್ದೆ. ತಂಗಿಗೆ ನನ್ನ ಮೇಲೆ ಕೋಪ ಬಂತು. "ಅವನಿಗೆ ಗೊತ್ತಿಲ್ವಾ ಅಕ್ಕ? ಇಂಜಿನಿಯರ್ ಅವನು" ಅಂದ್ಲು. ಎರಡು ದಿನ ಮನೇಲಿ ಮಾತು ಕಮ್ಮಿ. ನಾನು ಓದಿರೋದು ಪಿಯುಸಿ, ಹೋದ ಮನೇಲಿ ಯಾಕೆ ಬಾಯಿ ಬಿಟ್ಟೆ ಅಂತ ನಂಗೂ ಅನ್ನಿಸ್ತು.

ಮೂರನೇ ದಿನ ಸೊಸೆ ಮಗೂನ ಡಾಕ್ಟರ ಹತ್ರ ಕರ್ಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದ್ಲು. ದೇವರು ದೊಡ್ಡೋನು, ಹೆದರೋ ಹಂಗೇನೂ ಇರ್ಲಿಲ್ಲ. ಆದ್ರೆ ಸೀಸ ಚಿಕ್ಕ ಮಕ್ಕಳ ಮಿದುಳಿಗೆ ತೊಂದ್ರೆ ಕೊಡುತ್ತೆ, ಇಷ್ಟಿದ್ರೆ ಪರವಾಗಿಲ್ಲ ಅನ್ನೋ ಲೆಕ್ಕ ಇಲ್ಲ ಅಂತ ಡಾಕ್ಟರೂ ಹೇಳಿದ್ರು. ಅವತ್ತೇ ಹುಡುಗ ಆ ತರಿ ಎಲ್ಲ ಕಟ್ಟಿ ಹೊರಗಿಟ್ಟು, ಶೆಡ್ ನೆಲ ಒದ್ದೆ ಬಟ್ಟೇಲಿ ಒರೆಸ್ದ. ಗುಡಿಸಿದ್ರೆ ಧೂಳು ಏಳುತ್ತಲ್ಲ, ಅದಕ್ಕೆ.

ಆಮೇಲೆ ತರಿಸಿದ್ದು ನೀರಿನ ಡಬ್ಬಿ. ಇದು ನಡುಗಲ್ಲ, ಉರುಳುತ್ತೆ. ಒಳಗೆ ನೀರು, ಪಾತ್ರೆ ತೊಳೆಯೋ ಸೋಪು ನಾಲ್ಕು ಹನಿ, ಚಿಟಿಕೆ ನಿಂಬೆ ಉಪ್ಪು, ಜೊತೆಗೆ ಸೂಜಿ ಥರದ ಸಣ್ಣ ಸಣ್ಣ ಸ್ಟೀಲ್ ಕಡ್ಡಿ. ಒಳಗೂ ಹೊರಗೂ ಹೊಸದರ ಥರ ಬರುತ್ತೆ. ಧೂಳಿಲ್ಲ. ಆದ್ರೆ ಆ ಕಪ್ಪು ನೀರಲ್ಲೂ ಸೀಸ ಇರುತ್ತೆ, ಅಡುಗೆಮನೆ ಸಿಂಕಿಗೆ ಸುರಿಯಂಗಿಲ್ಲ, ಅಡುಗೆ ಜರಡಿ, ಪಾತ್ರೆ ಮುಟ್ಟಂಗಿಲ್ಲ. ಆಮೇಲೆ ಒಂದೊಂದನ್ನೂ ಪೂರ್ತಿ ಒಣಗಿಸ್ಬೇಕು. ಒಳಗೆ ತೇವ ಉಳಿದ್ರೆ ಮದ್ದು ಕೆಡುತ್ತೆ.

ಒಂದ್ಸಲ ಬೇಗ ಆಗ್ಲಿ ಅಂತ ನಿಂಬೆ ಉಪ್ಪು ಜಾಸ್ತಿ ಹಾಕಿ, ರಾತ್ರಿಯೆಲ್ಲ ಅದರಲ್ಲೇ ಬಿಟ್ಟು ಮಲಗ್ದ. ಬೆಳಿಗ್ಗೆ ನೋಡಿದ್ರೆ ಹಳದಿ ಹೋಗಿ ಎಲ್ಲ ಗುಲಾಬಿ ಬಣ್ಣ! "ಏನಾಯ್ತು ದೊಡ್ಡಮ್ಮ?" ಅಂತ ನನ್ನ ಹತ್ರಾನೇ ತಂದ. ನಂಗೆ ನೋಡಿದ ಕೂಡ್ಲೇ ಗೊತ್ತಾಯ್ತು. ಯಾಕಂದ್ರೆ ಆ ತಪ್ಪನ್ನ ನಾನೇ ಮಾಡಿದ್ದೆ.

ಮದುವೆ ಆದ ಹೊಸದು. ಅತ್ತೆ ತವರಿಂದ ತಂದಿದ್ದ ನಾಗಮಂಗಲದ ಜೋಡಿ ದೀಪ. ಹಬ್ಬಕ್ಕೆ ಚೆನ್ನಾಗಿ ಹೊಳೀಲಿ ಅಂತ ಹುಣಸೆಹಣ್ಣಿನ ಗಟ್ಟಿ ರಸದಲ್ಲಿ ರಾತ್ರಿ ನೆನೆಹಾಕಿ ಮಲಗಿಬಿಟ್ಟೆ. ಬೆಳಿಗ್ಗೆ ದೀಪದ ಮೈಯೆಲ್ಲ ಕೆಂಪು ಕೆಂಪು ಮಚ್ಚೆ. ಹುಳಿ ಜಾಸ್ತಿ ಹೊತ್ತು ಇದ್ರೆ ಹಿತ್ತಾಳೇಲಿರೋ ಸತು ಬಿಟ್ಕೊಂಡು ಮೇಲೆ ತಾಮ್ರ ಉಳಿಯುತ್ತೆ ಅಂತ ಆಗ ಗೊತ್ತಿರ್ಲಿಲ್ಲ. ಅತ್ತೆ ಬೈಯಲಿಲ್ಲ. ಮೂರು ದಿನ ಮಧ್ಯಾಹ್ನ ಕೂತು, ಜರಡಿ ಹಿಡಿದ ಒಲೆ ಬೂದೀಲಿ ಒಣಗೇ ಉಜ್ಜಿ ಉಜ್ಜಿ ಹಳದಿ ಬರಿಸಿದ್ರು. "ಹುಣಸೆಹಣ್ಣು ಕೊಳೆ ಒಂದೇ ತಿನ್ನಲ್ಲ ಕಣಮ್ಮ, ಹೊತ್ತು ನೋಡ್ಕೋಬೇಕು" ಅಂದ್ರು, ಅಷ್ಟೇ. ಬೈದಿದ್ರೆ ಮರೀತಿದ್ದೆನೇನೋ.

ಇದನ್ನೆಲ್ಲ ಹುಡುಗನಿಗೆ ಹೇಳ್ದೆ. ಅವನು ಆ ಗುಲಾಬಿ ತೋಟಾಗಳನ್ನ ಗುಜರಿಗೆ ಹಾಕ್ದ. ಅವನೂ ನಂಗೊಂದು ವಿಷಯ ಹೇಳ್ದ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ, ಮಳೆಗಾಲದಲ್ಲಿ ಕುದುರೆ ಲಾಯದಲ್ಲಿಟ್ಟ ತೋಟಾಗಳು ತಾನಾಗೇ ಬಿರುಕು ಬಿಡ್ತಿದ್ವಂತೆ. ಕುದುರೆ ಗಂಜಲದ ಅಮೋನಿಯಾ ಕಾರಣ. ಅದಕ್ಕೆ ಅಮೋನಿಯಾ ಇರೋ ಪಾಲಿಶನ್ನ ಅವನು ತೋಟಾಕ್ಕೆ ಮುಟ್ಟಿಸಲ್ಲ. ನಾನೂ ಈಗ ಗಾಜು ಒರೆಸೋ ಘಾಟಿನ ದ್ರಾವಣಾನ ಕೊಡದ ಹತ್ರ ತರಲ್ಲ.

ಈಗ ಎದುರುಮನೆ ಅಕ್ಕನಿಗೆ ಉತ್ತರ. ಎಣ್ಣೆ ಜಿಡ್ಡು, ಕಿಲುಬು, ಸಂದುಗೊಂದು ಇದ್ರೆ ಹುಣಸೆಹಣ್ಣು, ಆದ್ರೆ ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಕೂಡ್ಲೇ ತೊಳೆದು, ಒಣ ಬಟ್ಟೇಲಿ ಒರೆಸಿ, ಬಿಸಿಲಿಗಿಡಿ. ಒದ್ದೆ ಬಿಟ್ರೆ ಮಾರನೇ ದಿನಕ್ಕೇ ಕಲೆ. ಆಮೇಲೆ ಹೊಳಪಿಗೆ ಒಣ ವಿಭೂತಿ ಇಲ್ಲಾ ನಯವಾದ ಬೂದಿ. ವಾರವಾರ ಬೆಳಗೋ ದೀಪಕ್ಕೆ ಒಣದೊಂದೇ ಸಾಕು. ಒಳಗೆ ಕಲಾಯಿ ಇರೋ ಪಾತ್ರೆಗೆ ಮಾತ್ರ ಎರಡೂ ಬೇಡ, ಮೆತ್ತಗೆ ಸೋಪಲ್ಲಿ ತೊಳೀರಿ. ಯಾವ ಪುಡಿ ಉಜ್ಜಿದ್ರೂ ಮಕ್ಕಳನ್ನ ದೂರ ಕೂರಿಸಿ.

ತಂಗಿ ಈಗ ಸರಿಹೋಗಿದ್ದಾಳೆ. ಹೋದ ತಿಂಗಳು ಫೋನಲ್ಲಿ, "ಅಕ್ಕ, ಅವನು ಶೆಡ್ಡಿಗೆ ಬೀಗ ಹಾಕಿದ್ದಾನೆ, ಮಗು ಹೋಗಲ್ಲ" ಅಂದ್ಲು. ಅತ್ತೆ ದೀಪ ಇವತ್ತೂ ಬೆಳಗಿದ್ದೀನಿ. ಬುಡದ ಹತ್ರ ಒಂದು ಸಣ್ಣ ಕೆಂಪು ಮಚ್ಚೆ ಇನ್ನೂ ಇದೆ, ಅದನ್ನ ಉಜ್ಜೋಕೆ ಹೋಗಲ್ಲ.

ನಿಮ್ಮನೇಲಿ ಹೇಗೆ ಮಾಡ್ತೀರಾ? ಗೊಂಬೆ ನೋಡೋಕೆ ಬಂದಾಗ ಹೇಳಿ.